ಮುಸಿಮುಸಿ

ಆಸ್ಪತ್ರೆಯ ಬೆಂಚಿನ ಆ ತುದಿಗೆ ತಂಗಿ ಬಂದು ಕೂತಾಗ ಅಕ್ಕ ತಲೆಯೆತ್ತಲಿಲ್ಲ. ಚಪ್ಪಲಿಯ ಸದ್ದಿನಲ್ಲೇ ಯಾರೆಂದು ಗೊತ್ತಾಗಿತ್ತು. ಇದು ತನ್ನ ಗಂಡನದೇ ಕೆಲಸ. ಬಾಯಲ್ಲಿ ಎಳ್ಳುಕಾಳು ನೆನೆಯದ ಮನುಷ್ಯ. ಹೆಂಡತಿಯ ಗಂಟಲಿನ ಗಂಟಿನ ಸುದ್ದಿಯನ್ನು ನಾದಿನಿಗೆ ಮುಟ್ಟಿಸಿ, ಈಗ ಚಹಾ ತರುವ ನೆಪದಲ್ಲಿ ಜಾಗ ಖಾಲಿ ಮಾಡಿದ್ದ.

ಅಕ್ಕ ಊರಿಗೆಲ್ಲ ಟೀಚರಮ್ಮ, ತಂಗಿ ಬಟ್ಟೆ ಹೊಲಿಯುವವಳು. ಇಬ್ಬರೂ ಮಾತು ಬಿಟ್ಟು ವರ್ಷಗಳಾಗಿದ್ದವು. ಅಕ್ಕ ನಿವೃತ್ತಳಾದ ದಿನ, ಬಾಯಿಪಾಠ ಮಾಡಿಕೊಂಡು ಹೋಗಿದ್ದ ಭಾಷಣ ಶುರುವಿನಲ್ಲೇ ಕೈಕೊಟ್ಟಿತ್ತು. ಮೈಕಿನ ಮುಂದೆ ಕಂಬದ ಹಾಗೆ ನಿಂತವಳು ಧೈರ್ಯಕ್ಕೆಂದು ಮುಂದಿನ ಸಾಲಿನತ್ತ ನೋಡಿದರೆ, ತಂಗಿ ಬಾಯಿಗೆ ಕರವಸ್ತ್ರ ಒತ್ತಿಕೊಂಡು ತಲೆ ತಗ್ಗಿಸಿದ್ದಳು. ಭುಜಗಳು ಕುಲುಕುತ್ತಿದ್ದವು. ನಿಮ್ಮ ತಂಗಿ ಮುಸಿಮುಸಿ ನಗುತ್ತಲೇ ಇದ್ದರು ಎಂದು ಪಕ್ಕದಲ್ಲಿದ್ದ ಸಹೋದ್ಯೋಗಿಯೊಬ್ಬರು ಆಮೇಲೆ ಹೇಳಿದ್ದರು.

ಆ ಪದ ಅಕ್ಕನಿಗೆ ಹೊಸದಲ್ಲ. ತರಗತಿಯಲ್ಲಿ ಅವಳೇ ನಕ್ಕು ತೋರಿಸುತ್ತಿದ್ದಳು: ಕಿಲಕಿಲ ಎಂದರೆ ಹೀಗೆ, ಗಹಗಹ ಎಂದರೆ ಗಂಟಲು ಬಿಟ್ಟು, ಮುಸಿಮುಸಿ ಎಂದರೆ ಇನ್ನೊಬ್ಬರಿಗೆ ಕಾಣಬಾರದೆಂದು ಬಾಯಿ ಮುಚ್ಚಿಕೊಂಡು. ಮುಸುಕಿಗೂ ಮುಸಿಮುಸಿಗೂ ನಂಟಿರಬೇಕೆಂಬುದು ಅವಳ ಸ್ವಂತ ಊಹೆ. ನಾಲ್ಕು ಜನರೆದುರು ನಗೆಪಾಟಲಾದದ್ದಕ್ಕಿಂತ ತಂಗಿಯ ಆ ಮುಸುಕಿನ ನಗುವೇ ಅವಳನ್ನು ಹೆಚ್ಚು ಚುಚ್ಚಿತ್ತು. ಆಮೇಲೆ ತಂಗಿ ಮನೆಯವರೆಗೆ ಬಂದರೂ ಅಕ್ಕ ಒಳಗಿದ್ದೂ ಬಾಗಿಲು ತೆಗೆದಿರಲಿಲ್ಲ.

ನರ್ಸ್ ಕರೆದಳು. ಅಕ್ಕ ಎದ್ದಳು, ಕರೆಯದಿದ್ದರೂ ತಂಗಿಯೂ ಹಿಂದೆಯೇ ಬಂದಳು. ಡಾಕ್ಟರು ವರದಿಯನ್ನು ನಿಧಾನವಾಗಿ ಓದಿದರು.

"ಗಾಬರಿ ಪಡೋವಂಥದ್ದೇನಿಲ್ಲಮ್ಮ. ಬರೀ ನೀರುಗಂಟು. ದನಿಗೂ ತೊಂದರೆಯಿಲ್ಲ."

ಹೋದ ಜೀವ ಬಂದಂತಾಯಿತು. ಹೇಗೋ ಹೊರಗೆ ಬಂದು ಅಕ್ಕ ಬಾಗಿಲ ಚೌಕಟ್ಟಿಗೆ ಒರಗಿದಳು. ಹಿಂದೆ ಏನೋ ಸದ್ದು. ತಂಗಿ ಗೋಡೆಯತ್ತ ತಿರುಗಿ, ಎರಡೂ ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅದೇ ಭುಜ, ಅದೇ ಕುಲುಕಾಟ. ಅಕ್ಕ ಹಿಂದುಮುಂದು ನೋಡದೆ ಅವಳ ಗಲ್ಲ ಹಿಡಿದು ತನ್ನತ್ತ ತಿರುಗಿಸಿದಳು. ಕಣ್ಣು, ಮೂಗು, ಎಲ್ಲ ಒದ್ದೆ.

"ಅಳ್ತಿದ್ದೀಯೇನೇ?"

"ಮತ್ತಿನ್ನೇನು, ನಗ್ತಾರಾ? ನಾನು ಅಳೋದೇ ಹೀಗಲ್ವೇನಕ್ಕ, ಮುಸಿಮುಸಿ ಅಂತ. ಅಪ್ಪ ಬೈದಾಗೆಲ್ಲ ನಿನ್ನ ಪಕ್ಕದಲ್ಲೇ ಹೊದ್ದುಕೊಂಡು ಅಳ್ತಿರಲಿಲ್ವಾ?"

ಅಳುವುದಕ್ಕೂ ಅದೇ ಪದವೆಂಬುದು ಅಕ್ಕನಿಗೆ ಗೊತ್ತಿಲ್ಲದ್ದೇನಲ್ಲ. ಸಿಟ್ಟು ಅದನ್ನು ನೆನಪಿಗೆ ಬರಗೊಟ್ಟಿರಲಿಲ್ಲ.

"ಹಾಗಾದ್ರೆ ಅವತ್ತು?"

ತಂಗಿ ಮೂಗೊರೆಸಿಕೊಂಡಳು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ.

"ಮೊದಲು ನಗೂನೇ ಬಂತು. ಭಾಷಣ ಮರೆತು ನೀನು ಕೆಮ್ಮಿ, 'ಎಲ್ಲರೂ ಕೂತ್ಕೊಳ್ಳಿ' ಅಂದೆ. ಎಲ್ಲರೂ ಕೂತೇ ಇದ್ರು. ಆಮೇಲೆ ನಿನ್ನ ಕೈ ನಡುಗೋದು ಕಾಣಿಸ್ತು. ಅಷ್ಟೇ, ಅಳು ತಡೆಯೋಕಾಗ್ಲಿಲ್ಲ."

ಹಾಗೆ ಅಂದದ್ದೇ ಅಕ್ಕನಿಗೆ ನೆನಪಿರಲಿಲ್ಲ. ಈಗ ಹೊಟ್ಟೆಯೊಳಗಿಂದ ಉಕ್ಕಿ ಬಂದ ನಗುವಿಗೆ ಬಾಯಿ ಮುಚ್ಚಿಕೊಳ್ಳುವಷ್ಟೂ ವ್ಯವಧಾನವಿರಲಿಲ್ಲ. ಏನಾಯಿತೋ ಎಂದು ನರ್ಸ್ ಇಣುಕಿ ನೋಡಿದಳು. ಎರಡು ಲೋಟ ಚಹಾ ಹಿಡಿದು ಮೆಟ್ಟಿಲು ಹತ್ತಿ ಬಂದ ಗಂಡ, ಯಾರಿಗೂ ಬೇಕಿಲ್ಲವೆಂದು ಕಂಡು, ತಾನೇ ಒಂದನ್ನು ಕುಡಿಯತೊಡಗಿದ.

ಬಸ್ ನಿಲ್ದಾಣದಲ್ಲಿ ತಂಗಿಯ ಕಣ್ಣು ಅಕ್ಕನ ರವಿಕೆಯ ಮೇಲೆ ಬಿತ್ತು. ಭುಜದ ಹತ್ತಿರ ಎಳೆದುಕೊಂಡಿತ್ತು. ಯಾವ ಪುಣ್ಯಾತ್ಮ ಹೊಲಿದದ್ದು ಇದನ್ನ ಎಂದು ಕೇಳಿದಳು. ತಂಗಿ ಚೀಲದಿಂದ ಗುಂಡುಸೂಜಿಗಳನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಂಡು, ತೋಳಿನ ಹೊಲಿಗೆಗೆ ಕೈಹಾಕಿದಳು. ಅಕ್ಕ ಏನೋ ಹೇಳಹೊರಟಳು. ಸೂಜಿಗಳ ಸಂದಿಯಿಂದ ತಂಗಿ ಗೊಣಗಿದ್ದು ಸರಿಯಾಗಿ ಕೇಳಿಸಲಿಲ್ಲ, ನಗಿಸಬೇಡ ಎಂದಿರಬೇಕು.

ಬಸ್ಸು ಬಂತು, ನಿಂತಿತು, ಹೊರಟುಹೋಯಿತು. ಅಕ್ಕ ತೋಳು ಚಾಚಿಕೊಂಡು ನಿಂತೇ ಇದ್ದಳು.