ಮ್ವೆನ್ಯಾ ಹಾಡಿದ ಹಾಡು

ಆ ವಾರವೆಲ್ಲ ಕಬಾಸೊನನ್ನು ಮನೆಯಲ್ಲಿ ಯಾರೂ ಮಾತಾಡಿಸುವ ಹಾಗಿರಲಿಲ್ಲ. ಕೂತರೆ ಏಳುತ್ತಿದ್ದ, ಎದ್ದರೆ ಗೇಟಿನ ತನಕ ಹೋಗಿ ಏನೋ ಮರೆತವನ ಹಾಗೆ ವಾಪಸು ಬರುತ್ತಿದ್ದ. ನ್ಶಿಮಾ ಮುದ್ದೆ ತಟ್ಟೆಯಲ್ಲೇ ಆರಿ ಗಟ್ಟಿಯಾಗುತ್ತಿತ್ತು. ಇಷ್ಟಕ್ಕೆಲ್ಲ ಕಾರಣ ಒಂದು ರೆಕಾರ್ಡು. 'ಮುಕುಬಾ ಬ್ಲಾಸ್ಟ್' ಎಂಬ ಹಳೆಯ ರಾಕ್ ತಂಡದ ಅತ್ಯುತ್ತಮ ಹಾಡುಗಳು ಎಂದು ಜರ್ಮನಿಯ ಯಾವುದೋ ಕಂಪನಿ ಅವುಗಳ ಹಳೆಯ ಸದ್ದನ್ನು ತೊಳೆದು, ಒರೆಸಿ, ಹೊಳೆಯುವ ಲಕೋಟೆಯಲ್ಲಿ ಹಾಕಿ ಕಳಿಸಿತ್ತು. ಗಣಿ ಊರು ಕಿಟ್ವೆಯ ರೇಡಿಯೊದಲ್ಲಿ ಪ್ರತಿ ಶನಿವಾರ ಮಧ್ಯಾಹ್ನ ಇಂಥ ರೆಕಾರ್ಡುಗಳ ಹಣೆಬರಹ ಬರೆಯುವವನು ಕಬಾಸೊ. ಒಂದೊಂದು ಹಾಡು ಮುಗಿದ ಮೇಲೂ 'ಇಟ್ಕೊಳ್ಳಿ' ಅಥವಾ 'ಎಸೀರಿ', ಎರಡೇ ಮಾತು. ಎರಡು ಸ್ವರ ಕೇಳಿಸಿದರೆ ಸಾಕು, ನುಡಿಸಿದವನ ಹೆಸರು ಹೇಳುತ್ತೇನೆ ಎಂದು ಜಂಬ ಕೊಚ್ಚುವವನು ಬೇರೆ.

ಲಕೋಟೆಯ ಹಿಂದಿದ್ದ ಹಾಡುಗಳ ಹೆಸರನ್ನು ಓದಿದ. ಕನ್ನಡಕ ಒರೆಸಿಕೊಂಡು ಮತ್ತೆ ಓದಿದ. 'ಅಮ್ಮಾ, ಬಾಗಿಲು ತೆರೆದಿಡು' ಇರಲಿಲ್ಲ.

ತಂಡದ ಉಳಿದ ಹಾಡುಗಳನ್ನೆಲ್ಲ ಹಾಡಿದವನು ಗಿಟಾರಿನ ಜಕೆಯೊ ಎನ್ಜಿಮಾ. ಆ ಒಂದನ್ನು ಮಾತ್ರ ಹಾಡಿದವನು ಕಬಾಸೊನ ತಮ್ಮ ಮ್ವೆನ್ಯಾ, ಡ್ರಮ್ ಬಾರಿಸುತ್ತಿದ್ದವನು. ನೈರೋಬಿಗೆ ಹೋಗಿ ಆ ಹಾಡು ಮುದ್ರಿಸಿಕೊಂಡು ಬಂದ ಮಳೆಗಾಲದಲ್ಲೇ ಗಣಿಯೊಳಗೆ ಬಂಡೆ ಕುಸಿದು ಸತ್ತ. ಅವನದೆಂದು ಈ ಲೋಕದಲ್ಲಿ ಉಳಿದಿದ್ದು ಆ ಧ್ವನಿ ಒಂದೇ. ಮುದುಕಿ ತಾಯಿ ಇವತ್ತಿಗೂ ಭಾನುವಾರ ಚರ್ಚಿನಿಂದ ಬಂದವಳೇ, "ನನ್ನ ಮಗನ್ನ ಒಂಚೂರು ಮಾತಾಡ್ಸೋ" ಎನ್ನುತ್ತಿದ್ದಳು. ಕಬಾಸೊ ಆ ಹಾಡಿನ ಸವೆದ ಪುಟ್ಟ ರೆಕಾರ್ಡನ್ನು ಹಾಕುತ್ತಿದ್ದ.

ಜರ್ಮನ್ನರಿಗೇನು ಗೊತ್ತು ಪಾಪ ಎಂದುಕೊಂಡು ಸುಮ್ಮನಾಗಬಹುದಿತ್ತು. ಆದರೆ ಲಕೋಟೆಯ ಮೂಲೆಯಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು: ಹಾಡುಗಳ ಆಯ್ಕೆ, ಜಕೆಯೊ ಎನ್ಜಿಮಾ. ಅಲ್ಲಿಂದ ಕಬಾಸೊನ ತಲೆಗೆ ಹುಳ ಬಿಟ್ಟ ಹಾಗಾಯಿತು.

ಕಬಾಸೊ ಬೆಂಬಾ ಬುಡಕಟ್ಟಿನವನು, ಎನ್ಜಿಮಾ ಎನ್ಗೋನಿ ಬುಡಕಟ್ಟಿನವನು. ಮುತ್ತಜ್ಜಂದಿರು ಈಟಿ ಹಿಡಿದು ಕಾದಾಡಿದ ತಪ್ಪಿಗೆ ಮರಿಮಕ್ಕಳು ಬಾಯಲ್ಲೇ ಕಾದಾಡಬೇಕು. ಅದೇ ಅವರ ಸಲಿಗೆಯ ನಂಟು. ಅವನು 'ಕೋತಿ ತಿನ್ನೋನೇ' ಎಂದರೆ ಇವನು 'ಇಲಿ ತಿನ್ನೋನೇ' ಎನ್ನಬೇಕು. ಒಬ್ಬರ ಸಾಮಾನನ್ನು ಇನ್ನೊಬ್ಬರು ರಾಜಾರೋಷವಾಗಿ ಎತ್ತಿಕೊಂಡು ಹೋಗಬಹುದು. ವಾಪಸು ಕೊಡುವ ಹಾಗಿಲ್ಲ, ಕೇಳುವ ಹಾಗೂ ಇಲ್ಲ. ಮುಖ ಊದಿಸಿಕೊಂಡವನೇ ಸೋತವನು. ಸಾವಿನ ಮನೆಯಲ್ಲಂತೂ ಅಳುವವರನ್ನು ನಗಿಸುವುದು ಈ ನಂಟರದೇ ಕೆಲಸ. ಮ್ವೆನ್ಯಾ ಸತ್ತ ದಿನ ತಾಯಿ ಅದೇ ಹಾಡನ್ನು ಮತ್ತೆ ಮತ್ತೆ ಹಾಕಿಸುತ್ತಿದ್ದಾಗ ಎನ್ಜಿಮಾ ಎದ್ದು ನಿಂತು, "ಈ ಕತ್ತೆ ರಾಗ ನಿಲ್ಸ್ರಪ್ಪೋ! ಇದನ್ನ ಕೇಳಿದ್ರೆ ಸ್ವರ್ಗದೋರು ಬಾಗಿಲು ತೆಗೆಯೋದಿರ್ಲಿ, ಒಳಗಿಂದ ಚಿಲಕ ಹಾಕ್ಕೊಂಡಾರು!" ಎಂದು ಕೂಗಿದ್ದ. ಜನ ಕಣ್ಣೊರೆಸಿಕೊಂಡು ನಕ್ಕಿದ್ದರು. ಕಬಾಸೊನೂ ನಕ್ಕಿದ್ದ.

ಈಗ ನೋಡಿದರೆ ಆ ನಗುವೇ ಚುಚ್ಚುತ್ತಿತ್ತು. ಅದು ತಮಾಷೆಯಾಗಿರಲೇ ಇಲ್ಲವೇ? ಮ್ವೆನ್ಯಾ ನಿಜವಾಗಿಯೂ ಕೆಟ್ಟದಾಗಿ ಹಾಡಿದ್ದನೇ? ಊರಿಗೆಲ್ಲ ತೀರ್ಪು ಹೇಳುವ ಕಿವಿ ಮನೆಮಗನ ವಿಷಯಕ್ಕೆ ಕಿವುಡಾಗಿತ್ತೇ? ಶನಿವಾರ ತಾಯಿ ಬೇರೆ ರೇಡಿಯೊ ಮುಂದೆಯೇ ಕೂತಿರುತ್ತಾಳೆ, ಮಗನ ಹಾಡು ಈಗ ಬಂತು, ಆಗ ಬಂತು ಎಂದು ಕಾಯುತ್ತಾಳೆ. ಅವಳಿಗೆ ಏನು ಹೇಳುವುದು?

ಶನಿವಾರ ಅತಿಥಿಯಾಗಿ ಸ್ಟುಡಿಯೊಗೆ ಬಂದ ಎನ್ಜಿಮಾ, ಮೊಳೆಗೆ ತೂಗುಹಾಕಿದ್ದ ಕಬಾಸೊನ ಕಂದು ಟೋಪಿಯನ್ನು ತೆಗೆದು ತನ್ನ ತಲೆಗಿಟ್ಟುಕೊಂಡ.

"ಕೋತಿ ತಿನ್ನೋರ ತಲೆಗೆ ಟೋಪಿ ಯಾಕಯ್ಯಾ?"

"ಇಟ್ಕೋ, ಇಟ್ಕೋ. ರಾತ್ರಿ ಅದರಲ್ಲಿ ನಾಲ್ಕು ಶೇಂಗಾ ಹಾಕಿಡು, ನಿನ್ನ ಊಟ ತಾನಾಗೇ ಬಂದು ಬೀಳುತ್ತೆ" ಎಂದ ಕಬಾಸೊ, ರೂಢಿಯ ಬಲದಿಂದ. ಮನಸ್ಸು ಮಾತ್ರ ಅಲ್ಲಿರಲಿಲ್ಲ.

ರೆಕಾರ್ಡು ತಿರುಗಿತು. ಮೊದಲ ಹಾಡಿಗೆ 'ಇಟ್ಕೊಳ್ಳಿ' ಎಂದ. ಎರಡನೆಯದಕ್ಕೇ ಸಿಡುಕು ಶುರುವಾಯಿತು. "ಜರ್ಮನ್ನರು ತೊಳೆದೂ ತೊಳೆದೂ ಗಣಿ ಧೂಳನ್ನೆಲ್ಲ ತೆಗೆದುಬಿಟ್ಟಿದ್ದಾರೆ ಕಣ್ರೀ. ಡ್ರಮ್ಮು ಆಸ್ಪತ್ರೆ ಒಳಗೆ ಬಾರಿಸಿದ ಹಾಗಿದೆ. ಎಸೀರಿ!" ಮೂರನೆಯದಕ್ಕೆ, "ಗಿಟಾರು ಗುರ್ರನ್ನೋ ಹಾಡನ್ನೇ ಗುಡ್ಡೆ ಹಾಕಿದ್ದಾರೆ. ನಾವು ಮದುವೇಲಿ ಕುಣಿದ ಹಾಡೆಲ್ಲಿ? ಎಸೀರಿ!"

"ಬೆಂಬಾ ಕಿವೀಲಿ ಮೇಣ ತುಂಬಿದೆ, ಯಾರಾದ್ರೂ ಒಂದು ಕಡ್ಡಿ ಕೊಡ್ರಪ್ಪಾ" ಎಂದು ಎನ್ಜಿಮಾ ನಗುತ್ತಿದ್ದ.

ಕೊನೆಯದು ಉದ್ದನೆಯ ಹಾಡು, ಹಾಡಿಗಿಂತ ಗಿಟಾರೇ ಜಾಸ್ತಿ. ಅದು ಶುರುವಾದದ್ದೇ ತಡ, ಕಬಾಸೊ ಮೈಕು ಆರಿಸಿದ.

"ಜಕೆಯೊ, ನಂಟನ್ನ ಪಕ್ಕಕ್ಕಿಡು."

ಹಾಗೆ ಯಾರೂ ಅನ್ನುವುದಿಲ್ಲ. ಎನ್ಜಿಮಾನ ನಗು ಅಲ್ಲೇ ನಿಂತಿತು. "ಹಂಗಂದ್ರೆ ನಾವಿಬ್ರೂ ಯಾರಯ್ಯಾ?"

"ಈ ಹಾಡು ಮುಗಿಯೋ ತನಕ ಯಾರೂ ಅಲ್ಲ. ನನ್ನ ತಮ್ಮನ್ನ ಯಾಕೆ ಕೈಬಿಟ್ಟೆ? ಹೆಣದ ಮುಂದೆ ನೀನಂದಿದ್ದು ನಿಜಾನಾ?"

"ಬೇಡ ಬಿಡೋ ಕಬಾಸೊ."

"ಹೇಳು ಅಂದೆ!"

ಎನ್ಜಿಮಾ ಮೈಕು ಆರಿದೆಯೇ ಎಂದು ಇನ್ನೊಮ್ಮೆ ನೋಡಿದ. "ಅವನು ಹಾಡ್ಲೇ ಇಲ್ಲ ಕಣೋ. ನೈರೋಬಿ ಸೇರೋ ಹೊತ್ತಿಗೆ ಸುಡೋ ಜ್ವರ, ಗಂಟಲು ಕಟ್ಟಿಹೋಗಿತ್ತು. ನೀರು ಬೇಕಂದ್ರೂ ಕೈ ತೋರಿಸ್ತಿದ್ದ. ಆ ದಿನ ಬಿಟ್ರೆ ಸ್ಟುಡಿಯೊ ಸಿಗ್ತಿರ್ಲಿಲ್ಲ. ಬಸ್ಸಲ್ಲಿ ಅವನು ಹಾಡ್ಕೊಂಡು ಬಂದಿದ್ದು ನನ್ನ ಕಿವೀಲಿತ್ತು, ಹಂಗೇ ಹಾಡ್ದೆ. ಅವನು ಗಾಜಿನಾಚೆ ಕಂಬಳಿ ಹೊದ್ಕೊಂಡು ಕೂತು, ಎಲ್ಲೆಲ್ಲಿ ಉಸಿರು ತಗೋಬೇಕು ಅಂತ ಕೈಯೆತ್ತಿ ತೋರಿಸ್ತಿದ್ದ. 'ನಾನು ಹಾಡ್ತೀನಂತ ಅಮ್ಮ ಬೀದಿಗೆಲ್ಲ ಹೇಳ್ಕೊಂಡಿದ್ದಾಳೆ, ಮುಂದಿನ ಸಲ ನಾನೇ ಹಾಡ್ತೀನಿ, ಅಲ್ಲೀತನಕ ಬಾಯಿ ಬಿಡ್ಬೇಡ' ಅಂತ ಪಿಸುಗುಟ್ದ, ವಾಪಸ್ ಬರೋವಾಗ. ಮುಂದಿನ ಸಲ ಬರ್ಲೇ ಇಲ್ವಲ್ಲ."

"ಮತ್ತೆ ಕತ್ತೆ ರಾಗ ಅಂದಿದ್ದು?"

"ನನ್ನನ್ನೇ ಬೈಕೊಂಡೆ. ಅವನ ಹೆಣ ಮುಂದಿಟ್ಕೊಂಡು ನಿಮ್ಮಮ್ಮ ನನ್ನ ಧ್ವನಿಗೆ ಅಳ್ತಿದ್ಳು, ತಡ್ಕೊಳ್ಳೋಕಾಗ್ಲಿಲ್ಲ. ಈಗ ಈ ಲಕೋಟೆ ಮೇಲೆ ಹಾಡಿದೋರ ಹೆಸರು ಹಾಕ್ಬೇಕು ಅಂದ್ರು ಜರ್ಮನ್ನರು. ಅವನ ಹೆಸರು ಹಾಕಿದ್ರೆ ಲೋಕಕ್ಕೆಲ್ಲ ಸುಳ್ಳು. ನನ್ನ ಹೆಸರು ಹಾಕಿದ್ರೆ ನಿಮ್ಮಮ್ಮನ ಮಗ ಹೋದ. ಅದಕ್ಕೇ ಹಾಡನ್ನೇ ಬಿಟ್ಟೆ."

ಕಬಾಸೊನ ಪಾಲಿಗೆ ತಮ್ಮ ಎರಡನೇ ಸಲ ಸತ್ತ. ಇಷ್ಟು ವರ್ಷ ಕಂಡವರ ಗಿಟಾರನ್ನೆಲ್ಲ ಗುರುತು ಹಿಡಿದವನಿಗೆ ತಮ್ಮನ ಧ್ವನಿ ಯಾವುದು, ಪರರದು ಯಾವುದು ಎಂದು ತಿಳಿಯಲಿಲ್ಲವಲ್ಲ, ಥೂ! ಸಿಟ್ಟು ಬಂತು, ನಾಚಿಕೆ ಬಂತು. ಎನ್ಜಿಮಾನ ಕುತ್ತಿಗೆ ಪಟ್ಟಿ ಹಿಡಿದು ಅಲ್ಲಾಡಿಸಬೇಕೆನಿಸಿತು. ಅಷ್ಟರಲ್ಲಿ ಗಿಟಾರು ಕೊನೆಯ ಸುತ್ತಿಗೆ ಬಂದಿತ್ತು. ತಾಯಿ ರೇಡಿಯೊ ಮುಂದೆ ಕೂತಿದ್ದಳು. ಅವನ ಕೈ ಚೀಲದೊಳಗೆ ಹೋಗಿ ಮನೆಯಿಂದ ತಂದಿದ್ದ ಪುಟ್ಟ ರೆಕಾರ್ಡನ್ನು ಹೊರತೆಗೆಯಿತು. ಎಂಥ ಹಾಡನ್ನು ಬಿಟ್ಟಿದ್ದಾನೆ ನೋಡಿ ಎಂದು ಹಾಕಿ ಎನ್ಜಿಮಾನ ಮಾನ ಕಳೆಯೋಣವೆಂದು ತಂದದ್ದು ಅದು.

ಹಾಡು ಮುಗಿಯಿತು. ಮೈಕು ಹಾಕಿದ.

"ಕೇಳ್ರಪ್ಪಾ ತೀರ್ಪು. ಈ ರೆಕಾರ್ಡು ಬರೀ ಅರ್ಧ. ಇದರ ಎಲ್ಲಕ್ಕಿಂತ ಒಳ್ಳೇ ಹಾಡನ್ನ ಈ ಇಲಿ ತಿನ್ನೋನು ಬಚ್ಚಿಟ್ಟಿದ್ದಾನೆ. 'ಅಮ್ಮಾ, ಬಾಗಿಲು ತೆರೆದಿಡು'. ಯಾಕೋ ಬಚ್ಚಿಟ್ಟೆ ಅಂದ್ರೆ ಏನಂತಾನೆ ಗೊತ್ತಾ? ಅದನ್ನ ಹಾಡಿದ್ದು ತಾನೇ ಅಂತೆ!"

ಎನ್ಜಿಮಾ ಕುರ್ಚಿಯಿಂದ ಅರ್ಧ ಎದ್ದ. ಗಾಜಿನಾಚೆ ಕೂತ ರೇಡಿಯೊದವರು ಹೊಟ್ಟೆ ಹಿಡಿದುಕೊಂಡು ನಗತೊಡಗಿದರು. ಬೆಂಬಾದವನ ಹಾಡನ್ನು ಎನ್ಗೋನಿ ತನ್ನದೆನ್ನುವುದೇ! ಗಣಿ ಕಾಲೊನಿಯ ಮನೆಮನೆಯಲ್ಲೂ ಆಗ ನಗುತ್ತಿದ್ದಿರಬೇಕು, ತಾಯಿಯೂ ಸೇರಿ.

"ಆಗ್ಲಿ, ಅವನದೇ ಅಂತ ಇಟ್ಕೊಳ್ಳೋಣ" ಎಂದ ಕಬಾಸೊ. ಪುಟ್ಟ ರೆಕಾರ್ಡನ್ನು ಯಂತ್ರದ ಮೇಲಿಟ್ಟು ಒರೆಸಿದ. "ನನ್ನ ಟೋಪಿ ಅವನ ತಲೆ ಮೇಲಿದೆ. ನಾನು ವಾಪಸ್ ಕೇಳಿದ್ನಾ? ಇಲ್ಲ. ಹಂಗೇ ಅವನ ಧ್ವನಿ ನಮ್ಮನೇಲಿದೆ. ಅವನೂ ಕೇಳೋ ಹಂಗಿಲ್ಲ, ನಾವೂ ಕೊಡೋ ಹಂಗಿಲ್ಲ. ಅಮ್ಮಾ, ಕೇಳಿಸ್ತಾ ಇದೆಯಾ? ನಿನ್ನ ಮಗ ಹಾಡ್ತಾನೆ, ಕೇಳು."

ಮುಳ್ಳು ಇಳಿಸಿದ. ಕರಕರ ಸದ್ದಿನ ಹಿಂದಿನಿಂದ ಆ ಧ್ವನಿ ಬಂತು. ಈಗ ಅದು ಎನ್ಜಿಮಾನದೆಂದು ಸ್ಪಷ್ಟವಾಗಿ ಗೊತ್ತಾಗುತ್ತಿತ್ತು. ಆದರೆ ಸಾಲು ಮುಗಿಯುವ ಮುಂಚೆ, ಕೊನೆಯ ಪದಕ್ಕೆ ಸ್ವಲ್ಪ ಹಿಂದೆ, ಧ್ವನಿ ನಿಂತು ಉಸಿರು ತೆಗೆದುಕೊಂಡಿತು. ಚಿಕ್ಕಂದಿನಿಂದ ಮ್ವೆನ್ಯಾ ಹಾಡುತ್ತಿದ್ದದ್ದೇ ಹಾಗೆ. ಕಂಬಳಿಯೊಳಗಿಂದ ಎದ್ದ ಒಂದು ಕೈ ಕಬಾಸೊಗೆ ಕಂಡಿತು. ಪ್ರತಿ ಸಾಲಿನಲ್ಲೂ ಕಂಡಿತು. ತಮ್ಮ ಎಲ್ಲಿಗೂ ಹೋಗಿರಲಿಲ್ಲ. ಉಸಿರಿನ ಜಾಗಗಳಲ್ಲೆಲ್ಲ ಅವನೇ ಇದ್ದ.

ಎನ್ಜಿಮಾ ಟೋಪಿಯನ್ನು ಕಣ್ಣಿನ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿ ಕೂತಿದ್ದ.

"ಅಳ್ಬೇಡ್ವೋ ಇಲಿ ತಿನ್ನೋನೇ, ಟೋಪಿ ನೆನೆಯುತ್ತೆ" ಎಂದ ಕಬಾಸೊ, ತನ್ನ ಮುಖವನ್ನೂ ಒರೆಸಿಕೊಳ್ಳುತ್ತಾ.

"ನೆನೀಲಿ ಬಿಡು" ಎಂದ ಎನ್ಜಿಮಾ. "ಈಗದು ನನ್ನ ಟೋಪಿ."