ಶುಕ್ರವಾರದ ಕೋಟು

ಸರ್ಕಾರವೊಂದು ತಾನಾಗಿ ಕರೆದು, ಸಿನಿಮಾ ಮಾಡು ಎಂದು ಹಣ ಕೊಡುತ್ತದೆ ಎಂದರೆ ಉಮ್ಮರ್ ಕುಂಞಿ ನಂಬುವ ಪೈಕಿಯಲ್ಲ. ಕುವೈತಿನಲ್ಲಿ ತಲೆಕೂದಲು ಹಣ್ಣಾಗುವಷ್ಟು ಕಾಲ ಕಳೆದ ಮನುಷ್ಯ ಅವರು. ಸರ್ಕಾರವೆಂದರೆ ಇಕಾಮಾದ, ಅಂದರೆ ವಾಸದ ಪರವಾನಗಿಯ, ಕಾಗದಕ್ಕೆ ಮೊಹರು ಬೀಳುವ ಕಿಟಕಿ ಎಂದಷ್ಟೇ ಅವರ ತಿಳಿವಳಿಕೆ. ಆ ಕಿಟಕಿಯ ಆಚೆ ಕೂತವರು ಕತೆ ಓದುತ್ತಾರಂತೆ, ಮನಸ್ಸಿಗೆ ಬಂದರೆ ಬೆನ್ನು ತಟ್ಟುತ್ತಾರಂತೆ!

"ಎಂತ ಮಾರಾಯ್ತಿ, ನಿಮ್ಮ ಸರ್ಕಾರಕ್ಕೆ ಬೇರೆ ಕೆಲಸ ಇಲ್ವಾ?" ಎಂದು ಕೇಳಿಯೇಬಿಟ್ಟರು.

ಅವರ ಅಂಗಡಿಯಲ್ಲಿ ಎದುರಿಗೆ ಕೂತಿದ್ದ ಸಾಕ್ಷಿ ನಕ್ಕಳು. ಅವಳು ಕುವೈತಿನ ಇದೇ ಜಾಬ್ರಿಯಾ ಬಡಾವಣೆಯಲ್ಲಿ ಹುಟ್ಟಿದವಳು. ತಾಯಿ ಆಗ ಇಲ್ಲಿನ ಆಸ್ಪತ್ರೆಯಲ್ಲಿ ನರ್ಸ್, ತಂದೆ ಶ್ರೀಕಾಂತ ಶುವೈಖಿನ ಗ್ಯಾರೇಜಿನಲ್ಲಿ ಎ.ಸಿ. ಮೆಕ್ಯಾನಿಕ್, ಬೈಲಹೊಂಗಲ ಕಡೆಯವನು. ತಾಯಿಗೆ ಐರ್ಲೆಂಡಿನಲ್ಲಿ ಕೆಲಸ ಸಿಕ್ಕಾಗ ಅವಳಿನ್ನೂ ಶಾಲೆಯ ಹುಡುಗಿ. ಆಗ ಡಬ್ಲಿನ್ನಿಗೆ ಹೋದ ಕುಟುಂಬದಿಂದ ಈಗ, 2014ರಲ್ಲಿ, ಇವಳೊಬ್ಬಳೇ ಕ್ಯಾಮೆರಾ ಹೊತ್ತು ವಾಪಸು ಬಂದಿದ್ದಳು. ತಂದೆ ಎರಡು ವರ್ಷದ ಹಿಂದೆ ತೀರಿಕೊಂಡಿದ್ದ.

"ಖರೇನ ಅಂಕಲ್. ಐರ್ಲೆಂಡ್ ಸಣ್ಣ ದೇಶ ನೋಡ್ರೀ. ಇಂಗ್ಲಿಷ್ ಸಿನಿಮಾ ಎಲ್ಲಾ ಹೊರಗಿಂದನ ಬರ್ತಾವ. ನಮ್ಮ ಸ್ಟೋರಿ ನಾವ ಹೇಳಬೇಕು ಅಂತ ಅಲ್ಲೊಂದು ಫಿಲ್ಮ್ ಬೋರ್ಡ್ ಅದ. ಮೊದಲು ಬರಿಯಾಕ ಸಪೋರ್ಟ್ ಮಾಡ್ತಾರ. ಆಮ್ಯಾಲೆ ಅನುಭವ ಇದ್ದವರು ಒಬ್ಬರು ಕೂಡಿ ಕೂತು ಇದು ಯಾಕ ಹಿಂಗ, ಅದು ಯಾಕ ಹಂಗ ಅಂತ ಕೇಳ್ತಾರ. ಸರಿ ಅನಿಸಿದ್ರ ಶೂಟಿಂಗಿಗೆ ಕೊಡ್ತಾರ."

"ಆದ್ರೆ ಇದು ಕುವೈತಿನ ಕತೆ. ಅವರಿಗೆ ಎಂತ ಲಾಭ?"

"ನಾನು ಈಗ ಅವರ ಹುಡುಗೀನ ಅಲ್ಲೇನ್ರೀ," ಎಂದಳು ಸಾಕ್ಷಿ, ಸುಲಭವಾಗಿ. ಆಮೇಲೆ ಲ್ಯಾಪ್‌ಟಾಪ್ ತೆರೆದು ಅವರ ಕಡೆ ತಿರುಗಿಸಿದಳು.

ತೆರೆಯ ಮೇಲೆ ಶ್ರೀಕಾಂತ. ಅವನ ತಾಯಿ ಗೌರವ್ವನ ಮನೆಯಲ್ಲಿ ಬೂಷ್ಟು ಹಿಡಿದಿದ್ದ ಕ್ಯಾಸೆಟ್ಟಿನಿಂದ ಉಳಿಸಿಕೊಂಡ ಚೂರು ಅದು. ಗೆರೆ ಗೆರೆಯಾಗಿ ನಡುಗುವ ಚಿತ್ರದಲ್ಲಿ ಎಳೆಯ ಶ್ರೀಕಾಂತ ಕರಿ ಕೋಟು ತೊಟ್ಟು, ಹೊಟ್ಟೆಯ ಮೇಲೆ ಬಲಗೈ ಇಟ್ಟು, ಜಲಪಾತದ ಮುಂದೆ ಕೂತು, "ಅವ್ವಾ, ನಾ ಇಲ್ಲಿ ಆರಾಮ ಅದೀನಿ," ಎನ್ನುತ್ತಿದ್ದ.

ಉಮ್ಮರಾಕ ಕುರ್ಚಿಯನ್ನು ತೆರೆಯ ಹತ್ತಿರಕ್ಕೆ ಎಳೆದುಕೊಂಡರು. ಮಂಗಳೂರಿನವರೆಲ್ಲ ಅವರನ್ನು ಕರೆಯುವುದು ಹಾಗೆಯೇ, ಉಮ್ಮರಾಕ ಎಂದು. ಪರದೆಯ ಮೇಲೆ ಬರೆದ ಆ ಜಲಪಾತ ಈಗಲೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿತ್ತು. ಕೋಟು ಮೊಳೆಗೆ ನೇತಾಡುತ್ತಿತ್ತು.

"ಅಪ್ಪಾ ಜೀವನದಾಗ ಕೋಟ್ ಹಾಕಿದ್ದು ನಾ ನೋಡಿಲ್ಲ. ಯಾರದು ಅಂಕಲ್ ಇದು?"

"ಗೊತ್ತಿಲ್ಲ," ಎಂದರು ಉಮ್ಮರಾಕ. ಸುಳ್ಳು ಹೇಳುವಾಗ ಅವರು ಕನ್ನಡಕ ಒರೆಸುತ್ತಾರೆ. ಆಗಲೂ ಒರೆಸಿದರು.

ಆ ಕೋಟು ಬಂದದ್ದು 1991ರ ಕೊಲ್ಲಿ ಯುದ್ಧ ಮುಗಿದ ಮೇಲಿನ ಕಾಲದಲ್ಲಿ. ಸುಟ್ಟ ಊರನ್ನು ಕಟ್ಟಲು ಎಲ್ಲೆಲ್ಲಿಂದಲೋ ಜನ ಬರುತ್ತಿದ್ದರು. ಉಮ್ಮರಾಕ ಕಫೀಲನ, ಅಂದರೆ ತಮಗೆ ವೀಸಾ ಕೊಟ್ಟ ಕುವೈತಿಯ, ಹೆಸರಿನಲ್ಲಿ ಆಸ್ಪತ್ರೆಯ ಹಿಂದಿನ ಗಲ್ಲಿಯಲ್ಲಿ ವಿಡಿಯೋ ಅಂಗಡಿ ಇಟ್ಟಿದ್ದರು. ವಾರವಿಡೀ ಸಿನಿಮಾ ಕ್ಯಾಸೆಟ್ ಬಾಡಿಗೆಗೆ ಹೋಗುತ್ತಿತ್ತು. ಶುಕ್ರವಾರ ಜುಮಾ ನಮಾಜು ಮುಗಿದು, ಬಿರಿಯಾನಿ ಹೊಟ್ಟೆಗೆ ಇಳಿದ ಮೇಲೆ ಬೇರೆಯೇ ವ್ಯಾಪಾರ. ಊರಿಗೆ ಕ್ಯಾಸೆಟ್ ಮಾತಾಡುವವರು ಒಬ್ಬೊಬ್ಬರಾಗಿ ಬರುತ್ತಿದ್ದರು. ಫೋನು ದುಬಾರಿ, ಕಾಗದ ಬರೆಯಲು ಅರ್ಧ ಜನಕ್ಕೆ ಬಾರದು. ಕ್ಯಾಮೆರಾದ ಮುಂದೆ ಕೂತು ತಾಯಿಗೋ ಹೆಂಡತಿಗೋ ಹೇಳಬೇಕಾದ್ದನ್ನು ಹೇಳಿದರೆ, ರಜೆಗೆ ಹೋಗುವ ಯಾರಾದರೂ ಕ್ಯಾಸೆಟ್ಟು ಒಯ್ದು ಮನೆ ಮುಟ್ಟಿಸುತ್ತಿದ್ದರು.

ಆದರೆ ಗ್ರೀಸು ಹತ್ತಿದ ಅಂಗಿಯಲ್ಲಿ ಉಮ್ಮನ, ಹೆತ್ತವಳ, ಮುಂದೆ ಕೂರುವುದು ಹೇಗೆ? ಉಮ್ಮರಾಕ ಹಳೇ ಬಟ್ಟೆಯ ಸಂತೆಯಲ್ಲಿ ಹುಡುಕಿ ಒಂದು ಕರಿ ಕೋಟು ತಂದರು. ಯಾವ ದೊಡ್ಡ ದೇಹದ ಅರಬಿಯದ್ದೋ, ನಮ್ಮವರಿಗೆ ಎರಡು ಆಳು ಹಿಡಿಸುವಷ್ಟು ಅಗಲ. ಹಿಂದಿನಿಂದ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿ ಬಿಗಿ ಮಾಡುತ್ತಿದ್ದರು. ಕ್ಯಾಮೆರಾಕ್ಕೆ ಕಾಣುವುದು ಮುಂದಿನದು ಮಾತ್ರ. ಸೊಂಟದಿಂದ ಕೆಳಗೆ ಲುಂಗಿಯೇ ಇದ್ದರೂ ಕೇಳುವವರಿಲ್ಲ. ಒಂದೇ ಕೊರತೆ, ಹೊಟ್ಟೆಯ ಹತ್ತಿರದ ಗುಂಡಿ ಇರಲಿಲ್ಲ. ಹಾಗಾಗಿ ಎಲ್ಲರಿಗೂ ಒಂದೇ ಪಾಠ: "ಕೈ ಇಲ್ಲಿ ಇಡು. ತೆಗೀಬೇಡ. ಯಲ್ಲಾ, ಶುರುಮಾಡು, ಮಾತಾಡು."

ಹೊರಡುವಾಗ ಪ್ರತಿಯೊಬ್ಬನೂ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ. ಅವನು ಕೇಳುವ ಮೊದಲೇ ಉಮ್ಮರಾಕ, "ಕೋಟಿನ ಮಾತು ಈ ಬಾಗಿಲು ದಾಟುವುದಿಲ್ಲ," ಎಂದು ಮಾತು ಕೊಡುತ್ತಿದ್ದರು. ಆ ಮಾತನ್ನು ಇಷ್ಟು ವರ್ಷ ಉಳಿಸಿಕೊಂಡು ಬಂದಿದ್ದರು. ಈಗ ಕ್ಯಾಸೆಟ್ಟುಗಳ ಕಾಲ ಹೋಗಿ, ಸಿ.ಡಿ. ಬಂದು ಹೋಗಿ, ಅಂಗಡಿ ಮೊಬೈಲಿನ ಕವರು ಮಾರುವ ಗೂಡಾಗಿತ್ತು. ಕಫೀಲ್ ಜಾಗ ಬಿಡಲು ಹೇಳಿಯಾಗಿತ್ತು. ಬರುವ ತಿಂಗಳು ಇಕಾಮಾ ರದ್ದು, ಖಲಾಸ್, ಊರಿಗೆ ಹೋಗಿ ಹೆಂಡತಿ ಸಫೂರಾಳ ಎದುರು ಕೂತು ಚಾ ಕುಡಿಯುವುದು. ಅಂಥ ಹೊತ್ತಿನಲ್ಲಿ ಈ ಹುಡುಗಿ ಬಂದು ಕೋಟಿನ ಬುಡಕ್ಕೇ ಕೈ ಹಾಕಿದ್ದಳು.

ಸಾಕ್ಷಿ ಸುಮ್ಮನಾಗಲಿಲ್ಲ. "ಅಂಕಲ್, ಬೋರ್ಡಿನ ಮೇಡಂ ಇದನ್ನ ನೋಡಿ ಏನಂದ್ರು ಗೊತ್ತದ ಏನ್ರೀ? ಈ ಕೋಟ್ ನಿನ್ನ ತಂದೀದು ಅಲ್ಲ ಅಂದ್ರು. ಅವರ ಅಜ್ಜ ದುಡಿಯಾಕ ಅಮೆರಿಕಾಕ ಹೋಗಿದ್ದನಂತ. ಅಲ್ಲಿಂದ ತಾಯಿಗೆ ಒಂದು ಫೋಟೋ ಕಳಿಸಿದ್ದನಂತ. ಸ್ಟುಡಿಯೋದವರ ಕೋಟ್ ಹಾಕ್ಕೊಂಡು. ಆ ಫೋಟೋ ಇನ್ನೂ ಅವರ ಮನ್ಯಾಗ ಗ್ವಾಡಿ ಮ್ಯಾಲೆ ಅದ. ಇದು ನಮ್ಮ ಕತಿನೂ ಹೌದು, ಹೋಗಿ ಈ ಕೋಟ್ ಹಾಕಿದ ಉಳಿದವರನ್ನ ಹುಡುಕು ಅಂತ ಕಳಿಸ್ಯಾರ."

ಉಮ್ಮರಾಕ ಕನ್ನಡಕ ಒರೆಸುವುದನ್ನು ನಿಲ್ಲಿಸಿದರು. ಕಡಲಾಚೆಯ ಯಾವುದೋ ತಣ್ಣನೆಯ ದೇಶದಲ್ಲೂ ಇಂಥದ್ದೊಂದು ಕೋಟು ಇತ್ತು ಎಂದು ಕೇಳಿ ಅವರಿಗೆ ಏಕೋ ಹಾಯೆನಿಸಿತು. ಎದ್ದು ಹಿಂದಿನ ಕೋಣೆಯ ಬಾಗಿಲು ತೆರೆದರು.

ಊರಿಗೆ ಹೋದದ್ದೆಲ್ಲ ನಕಲು. ದಾರಿಯಲ್ಲಿ ಕಳೆದರೆ ಇರಲಿ ಎಂದು ಮೂಲ ಕ್ಯಾಸೆಟ್ಟುಗಳನ್ನು ಅವರು ಇಲ್ಲೇ ಇಟ್ಟುಕೊಳ್ಳುತ್ತಿದ್ದರು. ಒಂದನ್ನೂ ಅಳಿಸಿರಲಿಲ್ಲ. ಶ್ರೀಕಾಂತನದ್ದನ್ನು ಹುಡುಕಿ ತೆಗೆದರೆ ಒಳಗೆ ರೀಲು ಸಿಕ್ಕಿಕೊಂಡಿತ್ತು. ಬಿಚ್ಚಿ ಸರಿಮಾಡಲು ಸ್ಕ್ರೂಗಳ ಡಬ್ಬಿ ಸುರುವಿದರು. ಸ್ಕ್ರೂಗಳ ನಡುವಿನಿಂದ ದಪ್ಪನೆಯ ಕರಿ ಗುಂಡಿಯೊಂದು ಉರುಳಿ ನೆಲಕ್ಕೆ ಬಿತ್ತು.

ಸಾಕ್ಷಿ ಹೆಕ್ಕಿ ಕೊಟ್ಟಳು. ಉಮ್ಮರಾಕನಿಗೆ ನಗು ಬಂತು. "ಇದು ನಮ್ಮ ಉಮ್ಮ ಕಳಿಸಿದ್ದು. ಊರಿಂದ ಬಂದ ಬಾಸಿತ್ ಹತ್ರ ಹಪ್ಪಳ, ಒಣಮೀನು, ಅದರೊಟ್ಟಿಗೆ ಕಾಗದದಲ್ಲಿ ಸುತ್ತಿ ಇದು. ನನ್ನ ಯಾವ ಅಂಗಿಗೂ ಇಷ್ಟು ದಪ್ಪದ ಗುಂಡಿ ಇಲ್ಲ. ಮುದುಕಿಗೆ ಅರಳುಮರಳು ಅಂತ ನಾವೆಲ್ಲ ನಗಾಡಿದ್ದೇ ನಗಾಡಿದ್ದು." ಗುಂಡಿ ಮತ್ತೆ ಡಬ್ಬಿಗೆ ಹೋಯಿತು.

ಸಂಜೆಯವರೆಗೆ ಇಬ್ಬರೂ ಕ್ಯಾಸೆಟ್ಟು ನೋಡಿದರು. ಬಂದು ಹೋಗುವ ಮುಖಗಳು ಬೇರೆ ಬೇರೆ, ಕೋಟು ಒಂದೇ. ಒಬ್ಬ ಹೊಸ ಮಗುವಿನ ಹೆಸರು ಕೇಳುತ್ತಿದ್ದ. ಒಬ್ಬ ಮಾತೇ ಬಾರದೆ ಕ್ಯಾಮೆರಾವನ್ನು ಸುಮ್ಮನೆ ನೋಡುತ್ತಿದ್ದ. ಕೊನ್ರಾಡ್ ಕೊಂಕಣಿಯಲ್ಲಿ ಹಾಡಲು ಹೊರಟು ಅತ್ತಿದ್ದ. ಎಂಥ ಹುಡುಗರು! ಬೆವರು ವಾಸನೆಯ ಆ ಕೋಣೆಯಲ್ಲಿ ಎಷ್ಟು ನಗು, ಎಷ್ಟು ತಮಾಷೆ ಇತ್ತು. ಆ ಶುಕ್ರವಾರಗಳು ಒಮ್ಮೆ, ಒಂದೇ ಒಮ್ಮೆ ತಿರುಗಿ ಬಂದರೆ ಸಾಕಿತ್ತು ಎನಿಸಿತು ಉಮ್ಮರಾಕನಿಗೆ.

"ತೋರಿಸಿದ್ದೇನೆ, ಆದ್ರೆ ಸಿನಿಮಾಕ್ಕೆ ಹಾಕ್ಲಿಕ್ಕೆ ಹಾಗೆಲ್ಲ ಆಗುದಿಲ್ಲ," ಎಂದರು ಕೊನೆಗೆ. "ನಾನು ಮಾತು ಕೊಟ್ಟಿದ್ದೇನೆ. ಒಬ್ಬೊಬ್ಬರನ್ನೂ ಕೇಳಬೇಕು."

"ಬೋರ್ಡಿನವರ ಕಂಡೀಶನ್ನೂ ಅದ ಅಂಕಲ್. ಪ್ರತಿಯೊಬ್ಬರ ಒಪ್ಪಿಗಿ ಇಲ್ಲಂದ್ರ ಒಂದು ಫ್ರೇಮೂ ಬಳಸೂ ಹಂಗಿಲ್ಲ."

ಆ ಮಾತು ಕೇಳಿದ ಮೇಲೆ ಉಮ್ಮರಾಕನಿಗೆ ಆ ಮಂಡಳಿಯ ಮೇಲೆ ಗೌರವ ಬಂತು. ಮರುದಿನದಿಂದ ಫೋನು ಹಿಡಿದು ಕೂತರು. ಒಬ್ಬ ಉಪ್ಪಿನಂಗಡಿಯಲ್ಲಿ, ಒಬ್ಬ ದೇರಳಕಟ್ಟೆಯಲ್ಲಿ, ಒಬ್ಬ ಇನ್ನೂ ಇಲ್ಲೇ, ಕುವೈತಿನ ಶರ್ಕ್‌ನ ಆಫೀಸೊಂದರಲ್ಲಿ ಚಾ ಕೊಡುತ್ತಿದ್ದ. ಹೆಚ್ಚಿನವರು ನಕ್ಕು ಒಪ್ಪಿದರು. ಕೊನ್ರಾಡ್, "ನಾನು ಅತ್ತದ್ದನ್ನು ಕಟ್ ಮಾಡ್ಲಿಕ್ಕೆ ಹೇಳಿ," ಎಂದ. ಸಿರಾಜುದ್ದೀನ್ ಮಾತ್ರ ಒಪ್ಪಲಿಲ್ಲ. ಅವನೀಗ ಮಂಗಳೂರಿನಲ್ಲಿ ದೊಡ್ಡ ಬಟ್ಟೆ ವ್ಯಾಪಾರಿ. "ಬೇಡ ಉಮ್ಮರಾಕ. ನಮ್ಮ ಉಮ್ಮ ಈಗಲೂ ಇದ್ದಾರೆ. ಅವರು ಆ ಕೋಟು ನನ್ನದೇ ಅಂದುಕೊಂಡಿದ್ದಾರೆ," ಎಂದ. ಸಾಕ್ಷಿ ಅವನ ಕ್ಯಾಸೆಟ್ಟನ್ನು ಬದಿಗಿಟ್ಟಳು.

ಉಳಿದದ್ದು ಒಂದೇ.

"ಇನ್ನ ನಿಮ್ಮದು ಅಂಕಲ್. ನಿಮ್ಮ ಕ್ಯಾಸೆಟ್ ಇಲ್ದ ಈ ಫಿಲ್ಮ್ ಇಲ್ಲ."

ಊರಿನವರನ್ನೆಲ್ಲ ಒಪ್ಪಿಸಿದ ಉಮ್ಮರಾಕ ಈಗ ತಾವೇ ಕಲ್ಲಾಗಿ ಕೂತರು. ಅವರೂ ಆ ಕೋಟು ತೊಟ್ಟು ಕೂತದ್ದುಂಟು. ಉಮ್ಮ ಆಚುಮ್ಮನಿಗೆ, "ಕಫೀಲ್ ನನಗೇ ಅಂತ ಹೊಲಿಸಿ ಕೊಟ್ಟದ್ದು ಉಮ್ಮಾ," ಎಂದು ನಗುನಗುತ್ತ ಹೇಳಿದ್ದುಂಟು. ಉಳಿದವರು ತೊಟ್ಟದ್ದಷ್ಟೇ, ಇವರು ಬಾಯಿಬಿಟ್ಟು ಸುಳ್ಳನ್ನೂ ಹೇಳಿದ್ದರು. ಉಮ್ಮ ಅದನ್ನು ನಂಬಿಕೊಂಡೇ ಕಣ್ಣು ಮುಚ್ಚಿದ್ದರು.

"ಬದುಕಿದವರನ್ನು ಕೇಳಬಹುದು ಮಗಳೇ. ಮಣ್ಣಿಗೆ ಹೋದವರನ್ನು ಹೇಗೆ ಕೇಳುವುದು? ಸಾವಿರ ಜನರ ಮುಂದೆ ನನ್ನ ಉಮ್ಮನನ್ನು ಮೋಸ ಹೋದವಳು ಅಂತ ತೋರಿಸ್ಲಿಕ್ಕೆ ನನ್ನಿಂದ ಆಗುದಿಲ್ಲ."

ಸಾಕ್ಷಿ ಒತ್ತಾಯ ಮಾಡಲಿಲ್ಲ. ಸಾಮಾನು ಕಟ್ಟಿಕೊಳ್ಳತೊಡಗಿದಳು. ಅವಳ ಮುಖ ನೋಡಲಾಗದೆ ಉಮ್ಮರಾಕ ಮನೆಗೆ ಫೋನು ಹಚ್ಚಿದರು. ಸಫೂರಾಳಿಗೆ ಈ ಗುಟ್ಟು ಹೇಳುವುದು ಅದೇ ಮೊದಲು. ಬ್ಯಾರಿ ಭಾಷೆಯಲ್ಲಿ ತಡವರಿಸುತ್ತ ಕೋಟಿನ ಕತೆ ಶುರುಮಾಡಿದರು. ಅರ್ಧಕ್ಕೇ ಆ ಕಡೆಯಿಂದ ನಗು ಕೇಳಿಸಿತು.

"ಇದನ್ನು ನೀವು ಈಗ ಹೇಳುವುದಾ?" ಎಂದಳು ಸಫೂರಾ. "ಊರಿಗೆಲ್ಲ ಒಂದೇ ವಿಸಿಆರ್ ಇದ್ದದ್ದು ಯಾರ ಮನೆಯಲ್ಲಿ? ನಮ್ಮ ಮನೆಯಲ್ಲಿ. ಅದನ್ನು ಕಳಿಸಿದ್ದು ಯಾರು? ನೀವೇ! ಯಾರ ಮಗನ ಕ್ಯಾಸೆಟ್ ಬಂದ್ರೂ ನೋಡ್ಲಿಕ್ಕೆ ಎಲ್ಲರೂ ಇಲ್ಲಿಗೇ ಬರುತ್ತಿದ್ದದ್ದು. ಮುಖ ಬೇರೆ, ಕೋಟು ಅದೇ, ನೀರು ಬೀಳುವ ಪರದೆಯೂ ಅದೇ. ನಮಗೆ ಕಣ್ಣಿರಲಿಲ್ವಾ?"

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆಯಾಯಿತು ಇದು. ಕ್ಯಾಮೆರಾ ಇಟ್ಟವರು ಉಮ್ಮರಾಕನೇ, ವಿಸಿಆರ್ ಕಳಿಸಿದವರೂ ಅವರೇ. ಇಷ್ಟು ವರ್ಷದಲ್ಲಿ ಅವೆರಡನ್ನೂ ಒಟ್ಟಿಗೆ ಇಟ್ಟು ಯೋಚಿಸಿದ್ದೇ ಇಲ್ಲ.

"ಸಿರಾಜನ ಉಮ್ಮ ಜೈನಬಾ ಬಂದ್ರೆ ದೊಡ್ಡ ಗೌಜಿ. ತನ್ನ ಮಗನಿಗೇ ಆ ಕೋಟು ಚೆಂದ ಒಪ್ಪುವುದು ಅಂತ. ನಿಮಗೆ ಭುಜದಲ್ಲಿ ದೊಡ್ಡ ಆಗ್ತಿತ್ತು, ಬಿಡಿ. ಮೊದಮೊದಲು ನಾವು ಹೆದರಿದ್ದು ಆ ಕೈ ನೋಡಿ. ಎಲ್ಲ ಮಕ್ಕಳೂ ಹೊಟ್ಟೆ ಹಿಡಿದುಕೊಂಡಿದ್ದಾರೆ, ಊಟ ಸರಿ ಇಲ್ವಾ ಏನೋ ಅಂತ ಹೆಂಗಸರೆಲ್ಲ ಅತ್ತದ್ದುಂಟು. ಆಮೇಲೆ ಯಾರೋ ಒಬ್ಬ ಮೂಗು ತುರಿಸ್ಲಿಕ್ಕೆ ಕೈ ಎತ್ತಿದ. ಆಗ ಉಮ್ಮ ಕಂಡುಹಿಡಿದ್ರು, ಗುಂಡಿ ಇಲ್ಲ ಅಂತ."

"ಉಮ್ಮನಿಗೆ... ಉಮ್ಮನಿಗೆ ಗೊತ್ತಿತ್ತಾ?"

"ಅವರೇ ಅಲ್ವಾ ಎಲ್ಲರ ಬಾಯಿ ಮುಚ್ಚಿಸಿದ್ದು! ಯಾರೂ ಕೇಳಬೇಡಿ, ಮಕ್ಕಳಿಗೆ ನಾಚಿಕೆ ಆಗ್ತದೆ, ಕೋಟಿನ ಮಾತು ಈ ಮನೆ ದಾಟಬಾರದು ಅಂತ." ಸಫೂರಾಳ ಸ್ವರ ಸ್ವಲ್ಪ ತಗ್ಗಿತು. "ಅವರೇ ಮಂಗಳೂರಿನ ಬಂದರು ಪೇಟೆಗೆ ಹೋಗಿ, ದರ್ಜಿಗಳ ಅಂಗಡಿ ಎಲ್ಲ ಸುತ್ತಿ, ಅಂಥದ್ದೇ ಗುಂಡಿ ತಂದು ಕಳಿಸಿದ್ರಲ್ಲ. ನೀವು ಯಾಕೆ ಹಾಕಲಿಲ್ಲ? ಪ್ರತಿ ಕ್ಯಾಸೆಟ್ ಬಂದಾಗಲೂ ಈ ಸಲ ಹಾಕಿರ್ತಾನೆ ಅಂತ ಟಿವಿ ಹತ್ರ ಹೋಗಿ ಬಗ್ಗಿ ನೋಡುತ್ತಿದ್ರು. ಕಡೆಯವರೆಗೂ ನೋಡಿದ್ರು."

ಉಮ್ಮರಾಕ ಫೋನು ಕೆಳಗಿಟ್ಟರು. ಮುದುಕಿಗೆ ಅರಳುಮರಳು ಎಂದು ನಕ್ಕ ತಮ್ಮ ಬಾಯಿಯ ಮೇಲೆ ಅವರಿಗೆ ಸಿಟ್ಟು ಬಂತು, ಉಮ್ಮನ ಮೇಲೆ ತಡೆಯಲಾರದ ಪ್ರೀತಿ ಬಂತು. ಎದುರಿಗಿದ್ದ ಹುಡುಗಿಯ ಮುಂದೆ ನಾಚಿಕೆಪಡದೆ ಅತ್ತರು. ಅತ್ತು ಮುಗಿದ ಮೇಲೆ ಸಫೂರಾ ಹೇಳಿದ್ದನ್ನು ಅವಳಿಗೂ ಹೇಳಿದರು.

ಸಾಕ್ಷಿ ಸ್ಕ್ರೂಗಳ ಡಬ್ಬಿ ತಂದು ಮೇಜಿನ ಮೇಲೆ ಇಟ್ಟಳು. ಅಂಗಡಿಯಲ್ಲಿ ಸೂಜಿ ಇತ್ತು, ದಾರ ಬಿಳಿಯದು. ಸಾಕು ಎಂದರು ಉಮ್ಮರಾಕ. ಸೂಜಿಗೆ ದಾರ ಅವಳು ಪೋಣಿಸಿದಳು, ಗುಂಡಿ ಅವರೇ ಹೊಲಿದರು. ಉಳಿದ ಗುಂಡಿಗಳ ಜೊತೆ ಅದು ಸರಿಯಾಗಿ ಹೊಂದಿತು. ಉಮ್ಮನ ಕಣ್ಣು ಮೋಸ ಹೋಗಿರಲಿಲ್ಲ.

"ಜಲಪಾತ ಬಿಚ್ಚು," ಎಂದರು. "ನಿನ್ನ ಕ್ಯಾಮೆರಾ ಇಡು. ಹಳೇ ಕ್ಯಾಸೆಟ್ಟೂ ಹಾಕು, ಇದನ್ನೂ ಹಾಕು. ನಿನ್ನ ಬೋರ್ಡಿನವರಿಗೆ ಹೇಳು, ಉಮ್ಮರ್ ಕುಂಞಿಯ ಒಪ್ಪಿಗೆ ಉಂಟು, ಅವನ ಉಮ್ಮನ ಒಪ್ಪಿಗೆಯೂ ಉಂಟು ಅಂತ."

ಕೋಟು ತೊಟ್ಟು ಕೂತರು. ಈಗ ಹಿಂದಿನಿಂದ ಕ್ಲಿಪ್ಪು ಬೇಕಾಗಲಿಲ್ಲ, ವಯಸ್ಸು ಅದನ್ನು ತುಂಬಿಸಿತ್ತು. ಸಾಕ್ಷಿ ಕ್ಯಾಮೆರಾದ ಹಿಂದೆ ನಿಂತು, ಎಂದೋ ತಂದೆಗೆ ಅವರು ಹೇಳಿದ್ದ ಹಾಗೆಯೇ, "ಯಲ್ಲಾ ಅಂಕಲ್, ಮಾತಾಡ್ರಿ," ಎಂದಳು.

ಉಮ್ಮರಾಕ ಒಮ್ಮೆ ಕೆಮ್ಮಿ ಗಂಟಲು ಸರಿಮಾಡಿಕೊಂಡರು.

"ಉಮ್ಮಾ, ಗುಂಡಿ ಹಾಕಿದ್ದೇನೆ ನೋಡಿ," ಎಂದರು. ಎರಡೂ ಕೈಗಳನ್ನು ಮೊಣಕಾಲಿನ ಮೇಲೆ ಇಟ್ಟುಕೊಂಡಿದ್ದರು.