ಬಾವಿಗಿಳಿದ ಮೈದಾನ

ಕೊಡ ಮೇಲೆ ಬಂದಾಗ ನೀರಿನ ಮೇಲೆ ಕರಿಜೀರಿಗೆ ಚೆಲ್ಲಿದಂತಿತ್ತು. ಕದೀಸುಮ್ಮ ಒಂದು ಕಾಳನ್ನು ಬೆರಳಲ್ಲಿ ಹಿಚುಕಿ ನೋಡಿದಳು. ರಬ್ಬರು!

"ಸುಲೋಚನಾ, ನಿನ್ನ ಅಂಗಳ ನನ್ನ ಬಾವಿಗೆ ಬಿತ್ತು ಕಣೇ!" ಎಂದು ಬೇಲಿಯಾಚೆಗೆ ಕೂಗಿದಳು.

"ನಮ್ಮದೊಂದೇನಾ ಉಮ್ಮಾ? ಗುಡ್ಡದ ಮನೆಯವರೆಲ್ಲ ಹಾಸಿದ್ದಾರೆ. ನಿಮ್ಮ ಕೋಳಿಗೂಡಿನೊಳಗೂ ಇದೆಯಲ್ಲ!"

ಅದೂ ನಿಜವೇ. ಫುಟ್‌ಬಾಲ್ ಆಡುವ ಟರ್ಫ್ ಮೈದಾನ ನಡೆಸುವ ಹಂಸಕ್ಕೋಯ ಬೇಸಿಗೆಯಲ್ಲಿ ಸವೆದ ಪ್ಲಾಸ್ಟಿಕ್ ಹುಲ್ಲನ್ನು ಕೀಳಿಸಿ, ಹೊಸದು ಹಾಸಿ, ಹಳೆಯದನ್ನು ಬೇಕಾದವರು ಒಯ್ಯಿರಿ ಎಂದಿದ್ದ. ಪುಕ್ಕಟೆ ಸಿಕ್ಕಿದ್ದನ್ನು ಬಿಡುವವರು ಯಾರು? ಊರಿಗೆ ಊರೇ ಹಸಿರಾಯಿತು. ಬಿಸಿಲಿಗೆ ಅದು ಕಾದು ಅಂಗಾಲು ಚುರುಗುಟ್ಟಿತು. ಹುಲ್ಲಿನೊಳಗಿನ ರಬ್ಬರಿನ ಕರಿಕಾಳು ಪತ್ತಿರಿ ರೊಟ್ಟಿಯ ಹಿಟ್ಟಿಗೂ ಬಂತು. ಪುಕ್ಕಟೆಯದೆಂದು ಎಲ್ಲರೂ ಸಹಿಸಿಕೊಂಡರು. ಈಗ ಮೊದಲ ಮಳೆಗೆ ಎಲ್ಲವೂ ತಗ್ಗಿನಲ್ಲಿದ್ದ ಕದೀಸುಮ್ಮನ ಬಾವಿ ಸೇರಿತ್ತು. ಗುಡ್ಡದ ಬಾವಿಗಳು ಬತ್ತಿದರೆ ಎಲ್ಲರಿಗೂ ಈ ಬಾವಿಯೇ ಗತಿ.

ಕದೀಸುಮ್ಮ ಕೋಳಿಗೂಡಿನೊಳಗೆ ಹಾಸಿದ್ದ ಹುಲ್ಲಿನ ತುಂಡನ್ನು ಎಳೆದು, ಸುತ್ತಿ, ತಲೆಯ ಮೇಲಿಟ್ಟು ಹೊರಟಳು.

"ಇವತ್ತು ಟರ್ಫಲ್ಲಿ ಫೈನಲ್ ಉಮ್ಮಾ! ಕಪ್ ತರೋಕೆ ಹೊರಟ್ರಾ?" ಎಂದು ಸುಲೋಚನಾ ನಕ್ಕಳು.

"ನಗ್ತಾ ನಿಂತ್ಕೋಬೇಡ, ನಿಂದೂ ಹೊತ್ಕೊಂಡು ಬಾ!"

ಟರ್ಫಿನ ಗೇಟು ತಲುಪುವಷ್ಟರಲ್ಲಿ ಅವಳ ಹಿಂದೆ ಹಸಿರು ಸುರುಳಿಗಳ ಮೆರವಣಿಗೆಯೇ ಇತ್ತು. ಹಂಸಕ್ಕೋಯ ತಲೆಯ ಮೇಲೆ ಕೈಹೊತ್ತ.

"ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ತರ್ತಾರಾ ಉಮ್ಮಾ?"

"ನೀನು ಕೊಟ್ಟಿದ್ದಲ್ಲ ಮೋನೇ, ನಮ್ಮ ಅಂಗಳಕ್ಕೆ ಗುಡಿಸಿ ಹಾಕಿದ್ದು."

"ಗುಜರಿಯವನು ಮುಟ್ಟಲ್ಲ. ಟರ್ಫ್ ಹಾಸಿಕೊಟ್ಟ ಕಂಪನಿಯವರು ಫೋನೇ ಎತ್ತಲ್ಲ. ಸುಟ್ಟರೆ ಊರೆಲ್ಲ ವಿಷದ ಹೊಗೆ. ನಾನೇನು ತಿನ್ನಲಾ ಇದನ್ನ?" ಅವನ ದನಿ ಕುಗ್ಗಿತು.

ಜಗಳಕ್ಕೆ ಸೊಂಟ ಕಟ್ಟಿ ಬಂದಿದ್ದ ಕದೀಸುಮ್ಮನಿಗೆ ಅಯ್ಯೋ ಅನಿಸಿತು. "ಮೊದಲು ಮಳೆ ತಾಗದ ಹಾಗೆ ಇಡು. ನಿನ್ನ ಕಾರಿನ ಶೆಡ್ಡಿದೆಯಲ್ಲ."

"ಮತ್ತೆ ಕಾರು?"

"ಕಾರು ನೆನೆದರೆ ನನ್ನ ಬಾವಿಗೇನೂ ಬರಲ್ಲ!"

ಆಟಗಾರರು ಹೊಟ್ಟೆ ಹಿಡಿದು ನಕ್ಕರು. ಹಂಸಕ್ಕೋಯನೂ ನಕ್ಕು ಕಾರಿನ ಕೀಲಿಗೆ ಕೈಹಾಕಿದ. ಉದುರುವ ಕಾಳು ಹೊಸ ಮೈದಾನಕ್ಕೇ ಆಗುತ್ತದೆ ಎಂದು ಯಾರೋ ಟಾರ್ಪಾಲು ಹಾಸಿದರು. ಎರಡೂ ತಂಡದವರು, ಹೆಂಗಸರು, ಕೊನೆಗೆ ರೆಫರಿಯೂ ಸೇರಿ ಸುರುಳಿಗಳನ್ನು ಕೊಡವಿ ಶೆಡ್ಡಿಗೆ ಒಟ್ಟಿದರು. ಅರೆದು ಬಳಸುವ ಕಾರ್ಖಾನೆ ಸಿಗುವವರೆಗೆ ಅವು ಅಲ್ಲೇ. ಮರುದಿನ ಗೆದ್ದವರೂ ಸೋತವರೂ ಪಂಪು ತಂದು, ನೀರನ್ನು ಬಟ್ಟೆಯಲ್ಲಿ ಸೋಸುತ್ತ ಬಾವಿ ಬರಿದು ಮಾಡಿದರು.

ಆಮೇಲೆ ಟರ್ಫಿನ ಗೇಟಿನಲ್ಲಿ ಒಂದು ಬೆಂಚು, ಅದರ ಮುಂದೆ ನೆಲಕ್ಕೆ ಹಾಸಲು ಒಂದು ದೊಡ್ಡ ಬಟ್ಟೆ ಬಂತು. ಆಟ ಮುಗಿಸಿದವರು ಬೂಟಿನೊಳಗಿನ ಕಾಳನ್ನು ಅದರ ಮೇಲೆ ಕೊಡವಿಯೇ ಹೊರಗೆ ಹೋಗಬೇಕು. ಒಂದು ಸಂಜೆ ಕದೀಸುಮ್ಮ ಆ ಬೆಂಚಿನ ಮೇಲೆ ಕೂತು ನೋಡುತ್ತಿದ್ದಳು. ಎಲ್ಲರೂ ಹೋದ ಮೇಲೆ ಹಂಸಕ್ಕೋಯ ಒಂದು ಬೂಟು ಕೈಯಲ್ಲಿ ಹಿಡಿದು ಕುಂಟುತ್ತ ಬಂದ. ಅವಳು ಸ್ವಲ್ಪ ಸರಿದು ಜಾಗ ಬಿಟ್ಟಳು.